ವಾಲ್ಡರ್ ಕಂಪನಿಯ ನಲವತ್ತೈದು ಪಾಲು

ಅಬಿಡ್ಸ್, ಹೈದರಾಬಾದ್
16 ಜೂನ್ 2024

ಗುರುಗಳಾದ ಚಂದ್ರಕಾಂತ ಅವರಿಗೆ,

ಕ್ಯಾಮೆರಾ ರಿಪೇರಿ ಅಂಗಡಿಯಿಂದ ಪ್ರಾಣೇಶನ ನಮಸ್ಕಾರ. ನೀವು ಬೀಗದ ಕೈ ನನಗೆ ಕೊಟ್ಟು ಧಾರವಾಡಕ್ಕೆ ಮಗಳು ಹರ್ಷದಾ ಅಕ್ಕನ ಮನೆಗೆ ಹೋದಿರಿ; ಬರುವ ದಸರೆಗೆ ಎರಡು ವರ್ಷ. ಇವತ್ತಿಗೂ ಗಿರಾಕಿಗಳು ಒಳಗೆ ಇಣುಕಿ, "ದೊಡ್ಡವರಿಲ್ಲೇನ್ರಿ?" ಎಂದೇ ಕೇಳುತ್ತಾರೆ. ಇಲ್ಲ ಎಂದರೆ ಅರ್ಧ ಜನ ಕ್ಯಾಮೆರಾ ಚೀಲದಿಂದ ಹೊರಗೇ ತೆಗೆಯುವುದಿಲ್ಲ.

ಕಿವಿ ಕೇಳದು ಎಂದು ನೀವು ಫೋನ್ ಬಿಟ್ಟಿರಿ, ಒಪ್ಪೋಣ. ಮೊಬೈಲಿನಲ್ಲಿ ಬರೆದು ಕಳಿಸಿದರೂ ಓದುವುದಿಲ್ಲ ಎನ್ನುವುದು ಹಟವಲ್ಲವೇ? "ಗಾಜಿನ ಮ್ಯಾಲೆ ಬರದದ್ದು ಒರಸಿದ್ರ ಹೋತು, ಅದೇನ್ ಬರದಂಗಾತೇನೋ" ಎಂದು ಬೈದೇ ರೈಲು ಹತ್ತಿದಿರಿ. ಪುಣ್ಯಕ್ಕೆ ದೊಡ್ಡ ಪೋಸ್ಟಾಫೀಸು ನಮ್ಮ ಗಲ್ಲಿಯ ಬಾಯಲ್ಲೇ ಇದೆ.

ಒಂದು ವಿಷಯ ಕೇಳಬೇಕಿತ್ತು. ಜರ್ಮನಿಯ ವಾಲ್ಡರ್ ಕ್ಯಾಮೆರಾ ಕಾರ್ಖಾನೆಯಿಂದ ಹಳೆಯ ಮಾಡೆಲ್ಲಿನ ಸ್ಪ್ರಿಂಗ್‌ಗಳು ಬಂದವು. ಪ್ರತಿ ಪೊಟ್ಟಣದ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ "ಕೆ. ಎಚ್." ಎಂದು ಸಹಿ ಇರುತ್ತಿತ್ತಲ್ಲ, ಈ ಸಲ ಇಲ್ಲ. ಬರೀ ಕಪ್ಪು ಗೆರೆಗಳ ಅಚ್ಚು. ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮಾಲು ಅಸಲಿಯೋ ನಕಲಿಯೋ ನೋಡಿ ಹೇಳಿ.

ನಿಮ್ಮ
ಪ್ರಾಣೇಶ

ಧಾರವಾಡ
29 ಜೂನ್ 2024

ಪ್ರಾಣೇಶ,

ಆಶೀರ್ವಾದ ಎಂದಿನಷ್ಟೇ; ಹೆಚ್ಚು ಕೊಟ್ಟರೆ ನಿನಗೆ ಜೀರ್ಣವಾಗದು.

ಮಾಲು ಅಸಲಿ. ಚೀಟಿಯ ಕಾಗದ ಅದೇ, ವಾಸನೆಯೂ ಅದೇ. ಆದರೆ ಸಹಿ ಇಲ್ಲದ್ದು ನನ್ನ ಮನಸ್ಸನ್ನು ಕೊರೆಯುತ್ತಿದೆ. ಮೂವತ್ತು ವರ್ಷ ಆ ಕೆ. ಎಚ್. ಕಟ್ಟಿದ ಪೊಟ್ಟಣ ಬಿಚ್ಚಿದ್ದೇನೆ. ಗಂಡೋ ಹೆಣ್ಣೋ ಗೊತ್ತಿಲ್ಲ, ಒಂದು ಸ್ಕ್ರೂ ಕಡಿಮೆ ಬಂದದ್ದಿಲ್ಲ. ನಮ್ಮಲ್ಲಿ ಹೇಳುವುದುಂಟಲ್ಲ, ಮನೆಯ ಯಜಮಾನಿಕೆ ಬದಲಾದದ್ದು ಮೊದಲು ಗೊತ್ತಾಗುವುದು ಬಡಿಸುವ ಕೈಯಿಂದ.

ನನ್ನ ಲೆಕ್ಕ ಕೇಳು. ವಾಲ್ಡರ್‌ನ ನೂರರಲ್ಲಿ ಐವತ್ತೈದು ಪಾಲು ಸ್ಥಾಪಕನ ಮನೆಯವರದು, ನಲವತ್ತೈದು ಪಾಲು ಯಾವುದೋ ಹೂಡಿಕೆ ಸಂಸ್ಥೆಯದು. ಹೂಡಿಕೆಯವರಿಗೆ ಕ್ಯಾಮೆರಾ ಮೇಲೆ ಪ್ರೀತಿ ಇರುತ್ತದೆಯೇ? ಆ ನಲವತ್ತೈದು ಪಾಲನ್ನು ಯಾವುದೋ ಫೋನ್ ಕಂಪನಿಗೆ ಮಾರುತ್ತಿರಬೇಕು. ಬರುವವರು ಮೊದಲು ಕೈಬಿಡುವುದು ನಮ್ಮ ಹಳೆಯ ಮಾಡೆಲ್‌ಗಳನ್ನೇ. ಹೀಗೆ ನನಗೆ ತೋರುತ್ತದೆ. ತೋರುತ್ತದೆ, ಅಷ್ಟೆ. ಮುದುಕನಿಗೆ ಮಧ್ಯಾಹ್ನ ಬೇರೆ ಕೆಲಸವಿಲ್ಲ.

ನೀನು ಕೈಯಿಟ್ಟ ಪ್ರತಿ ಕ್ಯಾಮೆರಾದ ಹೊಟ್ಟೆಯೊಳಗೆ ಹೆಸರಿನ ಮೊದಲಕ್ಷರ, ತಾರೀಖು ಸೂಜಿಯಿಂದ ಕೊರೆಯುವುದನ್ನು ಬಿಟ್ಟಿಲ್ಲ ತಾನೆ? ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಬಿಚ್ಚುವವನಿಗೆ ಕಾಣುತ್ತದೆ, ಅವನ ಮುಂದೆ ಮಾನ ಹೋಗಬಾರದು.

ಚಂದ್ರಕಾಂತ

ಅಬಿಡ್ಸ್, ಹೈದರಾಬಾದ್
4 ಆಗಸ್ಟ್ 2024

ಗುರುಗಳೇ,

ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ನೀವು ಅಂದದ್ದೇ ನಿಜವಾಗುವ ಹಾಗೆ ಕಾಣುತ್ತಿದೆ! ವಾಲ್ಡರ್‌ನ ಪಾಲು ಕೈ ಬದಲಾಗುತ್ತಿದೆ ಎಂದು ಇಲ್ಲೆಲ್ಲ ಗುಲ್ಲೆದ್ದಿದೆ.

ಈ ಊರಿನಲ್ಲಿ ವಾಲ್ಡರ್ ಇಟ್ಟುಕೊಂಡವರದು ಒಂದು ವಾಟ್ಸಾಪ್ ಬಳಗವಿದೆ, ಇನ್ನೂರಕ್ಕೂ ಹೆಚ್ಚು ಜನ. ದೊಡ್ಡ ದೊಡ್ಡ ಡಾಕ್ಟರುಗಳು, ವಕೀಲರು. ಹೋದ ಭಾನುವಾರ ಶಂಶಾಬಾದಿನ ಹತ್ತಿರ ಒಂದು ಹೋಟೆಲಿನಲ್ಲಿ ಕೂಡಿದ್ದರು. ನನಗೂ ಕರೆ ಬಂತು. ಇಷ್ಟು ವರ್ಷ ಕೌಂಟರಿನ ಆಚೆ ನಿಂತು "ಆಯ್ತೇನಯ್ಯಾ?" ಎನ್ನುತ್ತಿದ್ದವರು ಪಕ್ಕದ ಕುರ್ಚಿ ಎಳೆದು ಕೂಡಿಸಿದರು. ನೀರಾವರಿ ಖಾತೆಯಿಂದ ನಿವೃತ್ತರಾದ ಜನಾರ್ದನ ಸಾಹೇಬರು ನಿಮಗೂ ಗೊತ್ತು, ರಾಯಚೂರಿನ ಕಡೆಯವರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಜರ್ಮನಿ ಸುದ್ದಿ ನಿಮ್ಮ ಕಡೀಗೇ ಮೊದಲ ಬರ್ತೈತಲ್ರಿ ಪ್ರಾಣೇಶ. ನಮಗೂ ಒಂದೀಟು ಹೇಳ್ರಿ!" ಎಂದರು.

ಉಪ್ಪಲ್‌ನ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಮಂದಾರ ಎಂಬ ಮೈಸೂರಿನ ಹುಡುಗಿಯೂ ಬಂದಿದ್ದಳು. "ಸರ್, ಇದು ನಮ್ ತಾತಂದು ಕ್ಯಾಮೆರಾ. ಮಾರ್ಬಿಡ್ಲಾ, ಇಟ್ಕೊಳ್ಲಾ?" ಎಂದು ಕೇಳಿದಳು. ಯೋಚನೆ ಮಾಡಿ ಎಂದಷ್ಟೇ ಹೇಳಿದೆ.

ಸುದ್ದಿ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ. ಅಂತೂ ನಿಮ್ಮ ಊಹೆಗೆ ಬೆಲೆ ಬಂತು.

ಪ್ರಾಣೇಶ

ಧಾರವಾಡ
22 ಆಗಸ್ಟ್ 2024

ಪ್ರಾಣೇಶ,

ನಿನ್ನ ಕಾಗದದ ಹಿಂದೆಯೇ ಸುದ್ದಿಯೂ ಧಾರವಾಡಕ್ಕೆ ಬಂತು. ಅಳಿಯ ಮಿಲಿಂದನ ಫೋನಿಗೆ ಹುಬ್ಬಳ್ಳಿಯ ಫೋಟೋಗ್ರಾಫರ್ ಒಬ್ಬ ಕಳಿಸಿದ್ದನಂತೆ. ಹಿಂದಿಯಲ್ಲಿತ್ತು. ಮಿಲಿಂದ ಅದನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಟ್ಟ: "ಕಾರ್ಖಾನೆಯ ಒಳಹೊರಗನ್ನು ನಲವತ್ತು ವರ್ಷದಿಂದ ಬಲ್ಲ ಒಬ್ಬರ ಪ್ರಕಾರ ವಾಲ್ಡರ್‌ನ ನಲವತ್ತೈದು ಪಾಲು ಫೋನ್ ಕಂಪನಿಗೆ ಹೋಗುತ್ತಿದೆ. ಯಜಮಾನಿಕೆ ಬದಲಾದದ್ದು ಬಡಿಸುವ ಕೈಯಿಂದ ಗೊತ್ತಾಗುತ್ತದೆ. ಡಿಸೆಂಬರಿನಿಂದ ಹಳೆಯ ಮಾಡೆಲ್‌ಗಳ ಬಿಡಿಭಾಗ ಬಂದ್."

ಮಿಲಿಂದ ಗಾಬರಿಯಿಂದ, "ಮಾವಾರ, ಇದು ಜರ್ಮನಿಯಿಂದ ಬಂದ ಸುದ್ದಿ ಅಂತ್ರಿ" ಎಂದು ಬರೆದು ತೋರಿಸಿದ. ನಾನು ಸುಮ್ಮನೆ ನಕ್ಕೆ.

ಆ ನಲವತ್ತು ವರ್ಷದ ಮನುಷ್ಯ ಯಾರು ಎಂದು ಪತ್ತೆಯಾದರೆ ತಿಳಿಸು. ನಾನು ನೋಡಬೇಕೆಂದಿದ್ದೇನೆ. ಬಿಡಿಭಾಗ ಡಿಸೆಂಬರಿಗೇ ಬಂದ್ ಎನ್ನುವುದು ಅವನಿಗೆ ಹೇಗೆ ಗೊತ್ತಾಯಿತು ಎಂದೂ ಕೇಳು. ನನಗಂತೂ ಅಷ್ಟು ದೂರ ತೋಚಿರಲಿಲ್ಲ.

ಆ ಹುಡುಗಿಗೆ ಕ್ಯಾಮೆರಾ ಮಾರಬೇಡ ಎಂದು ಹೇಳು.

ಚಂದ್ರಕಾಂತ

ಅಬಿಡ್ಸ್, ಹೈದರಾಬಾದ್
15 ಸೆಪ್ಟೆಂಬರ್ 2024

ಗುರುಗಳೇ,

ಕಾಗದ ತಡವಾಯಿತು, ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಎಲ್ಲರಿಗೂ ಡಿಸೆಂಬರಿನೊಳಗೆ ರಿಪೇರಿ ಆಗಬೇಕು.

ಆ ಸುದ್ದಿಯ ಮೂಲ ಯಾರೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿದ ಮೇಲೆ ಯಾರ ಮಾತು ಯಾರದೋ.

ಈಗ ನಿಮ್ಮಿಂದ ಒಂದು ಉಪಕಾರ ಬೇಕು. ಜನಾರ್ದನ ಸಾಹೇಬರ ವಾಲ್ಡರ್ ಮೆಟ್ಟಿಲ ಮೇಲಿಂದ ಬಿದ್ದು ಶಟರಿನ ಬಟ್ಟೆಯ ಪರದೆ ಸುತ್ತಿಕೊಳ್ಳುವ ಉರುಳೆ ಬಾಗಿದೆ, ಪರದೆಯೂ ಹರಿದಿದೆ. ನಿಮ್ಮ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಬಿಡಿಭಾಗಗಳು ಇದ್ದವಲ್ಲ, ಅದರಲ್ಲಿ ಪರದೆ ಸಮೇತ ಉರುಳೆ ಒಂದಿದ್ದರೆ ಕಳಿಸಿ. ಕಾರ್ಖಾನೆಗೆ ಬರೆದರೆ ಈಗ ಬರುವ ಖಾತ್ರಿ ಇಲ್ಲ, ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಸಾಹೇಬರು ದಿನಾ ಬಂದು, "ನಿಮ್ಮನ್ನ ನಂಬೀನ್ರಿ, ಪ್ರಾಣೇಶ" ಎಂದು ಸ್ಟೂಲಿನ ಮೇಲೆ ಕೂಡುತ್ತಾರೆ. ಬಳಗದವರೆಲ್ಲ ನೋಡುತ್ತಿದ್ದಾರೆ. ನನ್ನ ಮಾನ ನಿಮ್ಮ ಪೆಟ್ಟಿಗೆಯಲ್ಲಿದೆ.

ಪ್ರಾಣೇಶ

ಧಾರವಾಡ
3 ಅಕ್ಟೋಬರ್ 2024

ಪ್ರಾಣೇಶ,

ಉರುಳೆ ಸಿಕ್ಕಿತು. ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ಪರದೆಯನ್ನು ಉಗುರಿನಿಂದ ಮುಟ್ಟಬೇಡ. ಕೂಡಿಸುವ ಮೊದಲು ಬೆಳಕಿನಲ್ಲಿ ಒಮ್ಮೆ ತಿರುಗಿಸಿ ನೋಡು.

ಕಾರ್ಖಾನೆಗೂ ಬರೆದು ಕೇಳಬಹುದಿತ್ತು. ಕೇಳಲಿಲ್ಲ ಏಕೆ ಎಂದು ನಾನು ವಿಚಾರಿಸುವುದಿಲ್ಲ.

ಚಂದ್ರಕಾಂತ

ಅಬಿಡ್ಸ್, ಹೈದರಾಬಾದ್
14 ಅಕ್ಟೋಬರ್ 2024

ಗುರುಗಳೇ,

ಉರುಳೆ ಮುಟ್ಟಿತು, ಸರಿಯಾಗಿ ಕೂತಿತು. ಸಾಹೇಬರು ಸಂತೋಷಪಟ್ಟರು. ಕೆಲಸದ ಗಡಿಬಿಡಿ, ಹೆಚ್ಚು ಬರೆಯಲಾಗುತ್ತಿಲ್ಲ.

ಪ್ರಾಣೇಶ

ಧಾರವಾಡ
11 ನವೆಂಬರ್ 2024

ಪ್ರಾಣೇಶ,

ದೀಪಾವಳಿಗೂ ನಿನ್ನ ಕಾಗದವಿಲ್ಲ. ಬೆಳಕಿನಲ್ಲಿ ತಿರುಗಿಸಿ ನೋಡಿದೆಯೋ ಇಲ್ಲವೋ, ಅಷ್ಟು ತಿಳಿಸು ಸಾಕು.

ಚಂದ್ರಕಾಂತ

ಅಬಿಡ್ಸ್, ಹೈದರಾಬಾದ್
2 ಫೆಬ್ರವರಿ 2025

ಗುರುಗಳ ಪಾದಗಳಿಗೆ,

ನೋಡಿದೆ. ಅದಕ್ಕೇ ಬರೆಯಲಿಲ್ಲ.

ಆ ದಿನ ಸಾಹೇಬರು ಎದುರಿಗೇ ಕೂತಿದ್ದರು. ಹತ್ತಿ ಬಿಡಿಸಿ, ಉರುಳೆಯನ್ನು ದೀಪದ ಕೆಳಗೆ ತಿರುಗಿಸಿದೆ. ಹಿತ್ತಾಳೆಯ ಅಂಚಿನಲ್ಲಿ ಸೂಜಿಯ ಬರಹ: "ಚಂ. ಸುಂ. 9-11-1987". ಅದನ್ನು ನಾನು ನೂರು ಸಲ ನೋಡಿದ್ದೇನೆ. ನನಗೆ ಕ್ಯಾಮೆರಾ ಬಿಚ್ಚುವುದನ್ನು ನೀವು ಕಲಿಸಿದ್ದೇ ಆ ಗುರುತಿದ್ದ ನಿಮ್ಮ ಸ್ವಂತ ವಾಲ್ಡರ್ ಕ್ಯಾಮೆರಾದ ಮೇಲೆ. ಅದನ್ನು ಕೂಡಿಸುವಾಗ ಕರೆಂಟು ಹೋಗಿ ಗುರುಪತ್ನಿ ಸುಂದರಾಬಾಯಿ ಅಮ್ಮ ಟಾರ್ಚು ಹಿಡಿದು ನಿಂತರು, ಅವರಿಲ್ಲದಿದ್ದರೆ ಆ ಕೆಲಸ ಆಗುತ್ತಿರಲಿಲ್ಲ, ಹಾಗಾಗಿ ಅವರ ಅಕ್ಷರವನ್ನೂ ಕೊರೆದೆ ಎಂದು ನೀವೇ ಹೇಳಿದ್ದಿರಿ. ಅಮ್ಮ ಹೋದ ಮೇಲೆ ಆ ಕ್ಯಾಮೆರಾವನ್ನು ಯಾರ ಕೈಗೂ ಕೊಟ್ಟವರಲ್ಲ ನೀವು. ಪೆಟ್ಟಿಗೆಯಲ್ಲಿ ಉರುಳೆ ಇರಲಿಲ್ಲ. ನಿಮ್ಮ ಕ್ಯಾಮೆರಾದ ಹೊಟ್ಟೆ ಸೀಳಿ ಕಳಿಸಿದ್ದಿರಿ.

"ಏನ್ ಹಂಗ ನೋಡಾಕತ್ತೀರಿ? ಮಾಲು ಛಲೋ ಐತಿಲ್ರಿ?" ಎಂದರು ಸಾಹೇಬರು.

"ಐತ್ರಿ ಸರ. ಭಾಳ ಛಲೋ ಐತಿ" ಎಂದೆ.

ಕೂಡಿಸಿಬಿಟ್ಟೆ, ಗುರುಗಳೇ. ಗೊತ್ತಿದ್ದೂ ಕೂಡಿಸಿದೆ. ಪಕ್ಕದಲ್ಲಿ ನನ್ನ ಗುರುತು ಕೊರೆಯಲು ಮಾತ್ರ ಕೈ ಬರಲಿಲ್ಲ. ಮುಂದಿನ ಭಾನುವಾರ ಬಳಗದವರ ಎದುರು ಸಾಹೇಬರು ಕ್ಯಾಮೆರಾ ಎತ್ತಿ ಹಿಡಿದು, "ಇದು ಪ್ರಾಣೇಶನ ಕೈಗುಣ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಕೈ ಮುಗಿದೆ.

ಇನ್ನು ಉಳಿದದ್ದನ್ನೂ ಹೇಳುತ್ತೇನೆ. ಆ ಸುದ್ದಿಯನ್ನು ಬಳಗಕ್ಕೆ ಹಾಕಿದವನು ನಾನು. ನೀವು "ತೋರುತ್ತದೆ" ಎಂದು ಬರೆದದ್ದನ್ನು ನಾನು "ಗೊತ್ತಾಗಿದೆ" ಎಂದು ಮಾಡಿದೆ. ನಲವತ್ತು ವರ್ಷದಿಂದ ಬಲ್ಲವರು ನೀವೇ. ಡಿಸೆಂಬರಿನಿಂದ ಬಿಡಿಭಾಗ ಬಂದ್ ಎಂಬ ಮಾತು ಮಾತ್ರ ನನ್ನದು, ತಲೆಯಿಂದ ಹುಟ್ಟಿಸಿದ್ದು. ಒಂದು ತಾರೀಖು ಇದ್ದರೆ ಜನ ಹೆಚ್ಚು ನಂಬುತ್ತಾರೆ ಎನಿಸಿತು. ನಂಬಿದರು. ಕಾರ್ಖಾನೆಗೆ ಉರುಳೆ ಬೇಕೆಂದು ಬರೆಯದಿದ್ದದ್ದೂ ಅದಕ್ಕೇ. ಅದು ಬಂದುಬಿಟ್ಟರೆ ನನ್ನ ಮಾತು ಸುಳ್ಳಾಗುತ್ತಿತ್ತು. ಮಂದಾರ ತನ್ನ ತಾತನ ಕ್ಯಾಮೆರಾವನ್ನು ಅಕ್ಟೋಬರಿನಲ್ಲಿ ಮಾರಿದಳು. ನೀವು ಹೇಳು ಎಂದದ್ದನ್ನು ನಾನು ಅವಳಿಗೆ ಹೇಳಲೇ ಇಲ್ಲ.

ಹೋದ ವಾರ ವಾಲ್ಡರ್‌ನವರೇ ಪ್ರಕಟಣೆ ಕೊಟ್ಟರು. ಹೂಡಿಕೆ ಸಂಸ್ಥೆ ತನ್ನ ನಲವತ್ತೈದು ಪಾಲನ್ನು ಯಾರಿಗೂ ಮಾರಿಲ್ಲ, ಮಾರುವ ಮಾತುಕತೆಯೂ ಇರಲಿಲ್ಲ. ಹಳೆಯ ಮಾಡೆಲ್‌ಗಳ ಬಿಡಿಭಾಗಗಳು ಇನ್ನೂ ಹತ್ತು ವರ್ಷ ಸಿಗುತ್ತವೆ. ನಾನು ಹೆದರುತ್ತಲೇ ಬಿಡಿಭಾಗದ ವಿಭಾಗಕ್ಕೆ ಬರೆದು ಕೆ. ಎಚ್. ಯಾರೆಂದು ಕೇಳಿದೆ. ಮರುದಿನವೇ ಉತ್ತರ ಬಂತು. ಪೊಟ್ಟಣ ಕಟ್ಟುತ್ತಿದ್ದ ಒಬ್ಬ ಹೆಂಗಸು. ಮೂವತ್ತೊಂದು ವರ್ಷ ದುಡಿದು ಕಳೆದ ಏಪ್ರಿಲ್‌ನಲ್ಲಿ ನಿವೃತ್ತರಾದರಂತೆ. ಅಷ್ಟೇ. ಒಬ್ಬ ಹೆಂಗಸು ಕೆಲಸ ಮುಗಿಸಿ ಮನೆಗೆ ಹೋದದ್ದಕ್ಕೆ ನಾನು ಇಡೀ ಕಂಪನಿಯನ್ನು ಮಾರಿಬಿಟ್ಟೆ.

ಇಷ್ಟಾದರೂ ನಾನು ನಿಮಗೆ ಬರೆಯುತ್ತಿರಲಿಲ್ಲವೇನೋ. ಮೊನ್ನೆ ಸಾಹೇಬರು ಎಲ್ಲರೆದುರು, "ನಿಮ್ಮ ಆ ನಲವತ್ತ ವರ್ಷದ ಮನಷ್ಯಾ ಈಗೇನಂತಾನ್ರಿ?" ಎಂದು ಕೇಳಿದರು. ನಾನು ಹೇಳಿದೆ: "ವಯಸ್ಸಾಗೈತ್ರಿ ಅವರಿಗೆ. ಕಿವೀನೂ ಕೇಳಂಗಿಲ್ಲ. ಏನೋ ತಪ್ಪು ತಿಳಕೊಂಡಾರ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೆಟ್ರೋದಲ್ಲಿ ಮನೆಗೆ ಮರಳುವಾಗ ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಲಾಗಲಿಲ್ಲ, ಎದ್ದು ಬಾಗಿಲ ಹತ್ತಿರ ನಿಂತೆ. ನನಗೆ ನಾಚಿಕೆಯಾಗಿದೆ. ಆ ಉರುಳೆಯನ್ನು ಸಾಹೇಬರಿಂದ ಬಿಚ್ಚಿಸಿ ತರಲೇ? ನೀವು ಏನು ಹೇಳಿದರೂ ಮಾಡುತ್ತೇನೆ.

ಪ್ರಾಣೇಶ

ಧಾರವಾಡ
15 ಫೆಬ್ರವರಿ 2025

ಪ್ರಾಣೇಶ,

ನನ್ನನ್ನು ಮುದುಕ ಎಂದೆ, ಕಿವುಡ ಎಂದೆ. ಇದರಲ್ಲಿ ಸುಳ್ಳೇನಿದೆ? ತಪ್ಪು ತಿಳಿದುಕೊಂಡ ಎಂದದ್ದೂ ಸುಳ್ಳಲ್ಲ. ಆದರೆ ನೀನೂ ನಕ್ಕೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎರಡನೆಯ ಸಲ ಓದಲಾಗಲಿಲ್ಲ. ಕಾಗದ ಮಡಚಿಟ್ಟು ಅಂಗಳಕ್ಕೆ ಹೋದೆ. ಹರ್ಷದಾ ಏನಾಯಿತೆಂದು ಕೈಸನ್ನೆಯಲ್ಲಿ ಕೇಳಿದಳು. ಏನಿಲ್ಲ ಎಂದೆ.

ಈಗ ನನ್ನದನ್ನು ಕೇಳು. ಮಿಲಿಂದ ಬರೆದುಕೊಟ್ಟ ಚೀಟಿಯಲ್ಲಿ ಬಡಿಸುವ ಕೈಯ ಮಾತು ಕಂಡಾಗಲೇ ನನಗೆ ತಿಳಿಯಿತು. ನನ್ನ ಮಾತು ನನಗೆ ಗೊತ್ತಾಗುವುದಿಲ್ಲವೇ? ಅವತ್ತೇ ನಿನ್ನ ಕಿವಿ ಹಿಂಡಬೇಕಿತ್ತು. ಹಿಂಡಲಿಲ್ಲ. ಏಕೆಂದರೆ ನನಗೆ ಒಳಗೊಳಗೆ ಸಂತೋಷವಾಗಿತ್ತು. ಎರಡು ವರ್ಷದಿಂದ ನನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಊಟಕ್ಕೆ ಏಳಿ, ಗುಳಿಗೆ ತಗೊಳ್ಳಿ, ಇಷ್ಟೇ ಸನ್ನೆ. ಅಂಥಾದ್ದರಲ್ಲಿ ನನ್ನ ಒಂದು ಸಾಲು ಹೈದರಾಬಾದ್ ಸುತ್ತಿ, ಹುಬ್ಬಳ್ಳಿ ಮುಟ್ಟಿ, ಜರ್ಮನಿಯ ಸುದ್ದಿಯಾಗಿ ನನ್ನ ಮನೆಗೇ ಬಂತು. ನಾನು ನಕ್ಕದ್ದು ಅದಕ್ಕೆ. ನಿನಗೆ ಕುರ್ಚಿ ಸಿಕ್ಕ ಹಾಗೆ ನನಗೂ ಒಂದು ಕುರ್ಚಿ ಸಿಕ್ಕಿತ್ತು.

ಆಮೇಲೆ ನೀನು ಉರುಳೆ ಕೇಳಿದೆ. ಆಗ ನಾಚಿಕೆ ಹತ್ತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜನರನ್ನು ಹೆದರಿಸಿದ ಮಾತು ನನ್ನ ಕೈಯಿಂದ ಹೋದದ್ದು, ದಂಡವೂ ನನ್ನ ಕೈಯಿಂದಲೇ ಹೋಗಲಿ ಎಂದು ಬಿಚ್ಚಿದೆ. ನೀನು ಗುರುತು ನೋಡಿದ ಮರುದಿನವೇ ಬರೆಯುತ್ತೀ ಎಂದುಕೊಂಡಿದ್ದೆ. ನಾಲ್ಕು ತಿಂಗಳು ಮಾಡಿದೆ.

ಉರುಳೆ ಅಲ್ಲೇ ಇರಲಿ. ಕೊಟ್ಟದ್ದನ್ನು ಬಿಚ್ಚಿ ತರುವುದು ನಮ್ಮ ಕಸುಬಲ್ಲ. ನೀನು ಮಾಡಬೇಕಾದದ್ದು ಬೇರೆ. ಕಾರ್ಖಾನೆಯಿಂದ ನಿನ್ನ ಹೆಸರಿನಲ್ಲಿ ಉರುಳೆ ತರಿಸು. ಬಳಗದವರ ಮುಂದೆ ಎದ್ದು ನಿಂತು, ಮೊಬೈಲಿನಲ್ಲಿ ಅಲ್ಲ, ಬಾಯಿಂದ ಹೇಳು. ನನ್ನ ಪಾಲಿನದನ್ನೂ ಹೇಳು, ಮುಚ್ಚಬೇಡ. ಆಮೇಲೆ ಇಲ್ಲಿಗೆ ಬಾ. ಕ್ಯಾಮೆರಾ ಬಿಚ್ಚಿದ್ದು ಬಿಚ್ಚಿದ ಹಾಗೆಯೇ ಇದೆ, ಸ್ಕ್ರೂಗಳು ಸುಂದರಾಳ ಬಳೆಯ ಡಬ್ಬಿಯಲ್ಲಿವೆ. ನನ್ನ ಕೈ ಈಗ ನಡುಗುತ್ತದೆ, ನೀನೇ ಕೂಡಿಸಬೇಕು.

ಉರುಳೆಯ ಮೇಲೆ ನಿನ್ನ ಗುರುತು ಕೊರೆ. ಕೂಡಿಸಿದ ದಿನದ ತಾರೀಖು ಬೇಡ. ನಿಜ ಹೇಳಿದ ದಿನದ ತಾರೀಖು ಹಾಕು. ಹೇಳದಿದ್ದರೆ ಬರಬೇಡ.

ಚಂದ್ರಕಾಂತ

ಹೈದರಾಬಾದ್
9 ಮಾರ್ಚ್ 2025

ಗುರುಗಳೇ,

ಬಳಗದವರು ಇವತ್ತು ಜನಾರ್ದನ ಸಾಹೇಬರ ಮನೆಯಲ್ಲಿ ಕೂಡಿದ್ದರು. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದು ನಿಂತೆ. ಒಂದೂ ಬಿಡದೆ ಹೇಳಿದೆ, ನಿಮ್ಮದನ್ನೂ ನೀವು ಬರೆದ ಹಾಗೆಯೇ ಹೇಳಿದೆ. ಡಿಸೆಂಬರಿನ ಮಾತಿಗೆ ಬಂದಾಗ ಒಬ್ಬ ವಕೀಲರು ಎದ್ದು ಹೊರಗೆ ಹೋದರು.

ಸಾಹೇಬರು ತಮ್ಮ ಕ್ಯಾಮೆರಾವನ್ನು ಕೊರಳಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇಷ್ಟ ದಿವಸ ಯಾರ ಮನೀ ಬಾಳೇವು ಕೊಳ್ಳಾಗ ಹಾಕ್ಕೊಂಡು ಅಡ್ಡಾಡಿದ್ನೋ ನಾ?" ಎಂದರು. ನನಗೆ ಹೇಳಿದ್ದಲ್ಲ ಅದು. ಉರುಳೆಯನ್ನು ನಿಮಗೆ ತಿರುಗಿ ಕೊಡುತ್ತೇನೆಂದು ಹಟ ಹಿಡಿದರು, ನೀವು ಒಪ್ಪುವುದಿಲ್ಲ ಎಂದೆ. ಈಗ ನನ್ನ ಅಂಗಡಿಗೆ ಬರುವುದಿಲ್ಲ ಎಂದಿದ್ದಾರೆ.

ಮಂದಾರ ಬೈಯಲಿಲ್ಲ. "ತಾತನ ಕ್ಯಾಮೆರಾ ತಗೊಂಡೋರಿಗೆ ಫೋನ್ ಮಾಡ್ತಾನೇ ಇದೀನಿ ಸರ್. ಅವ್ರು ಎತ್ತಲ್ಲ" ಎಂದಳು, ಅಷ್ಟೇ. ಕೊಂಡವರ ವಿಳಾಸ ಇಸಿದುಕೊಂಡಿದ್ದೇನೆ. ನಾಳೆಯಿಂದ ಅವರ ಬಾಗಿಲು ಕಾಯುವವನು ನಾನು. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ.

ಉರುಳೆ ಮೊನ್ನೆ ಜರ್ಮನಿಯಿಂದ ಬಂತು. ಕೇಳಿದ ಎರಡೇ ವಾರಕ್ಕೆ.

ಶನಿವಾರ ಬೆಳಿಗ್ಗೆ ಧಾರವಾಡದಲ್ಲಿ ಇಳಿಯುತ್ತೇನೆ. ಸೂಜಿ ತರುತ್ತೇನೆ. ಕೊರೆಯಬೇಕಾದ ತಾರೀಖು ಈ ಕಾಗದದ ಮೇಲ್ಗಡೆ ಬರೆದಿದೆ.

ಪ್ರಾಣೇಶ